ಚೀಟಿಯ ಕೊನೆಯ ಸಾಲಿನ ವ್ಯಾಯಾಮ

ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ವೈದ್ಯರು ಬರೆದುಕೊಟ್ಟ ಚೀಟಿಯನ್ನು ಒಮ್ಮೆ ಗಮನವಿಟ್ಟು ಓದಿ. ಮಾತ್ರೆಯ ಹೆಸರಿರುತ್ತದೆ, ಎಷ್ಟು ಮಿಲಿಗ್ರಾಂ ಎಂದಿರುತ್ತದೆ, 1–0–1 ಎಂದು ಹೊತ್ತು ಗುರುತು ಮಾಡಿರುತ್ತದೆ. ಊಟಕ್ಕೆ ಮೊದಲೋ ಆಮೇಲೋ, ಎಷ್ಟು ದಿನಕ್ಕೆ, ಮತ್ತೆ ಯಾವಾಗ ಬಂದು ತೋರಿಸಬೇಕು ಎಲ್ಲವೂ ಇರುತ್ತದೆ. ಕೊನೆಗೆ ಜಾಗ ಉಳಿದಿದ್ದರೆ ‘ವಾಕಿಂಗ್ ಮಾಡಿ’ ಎಂದು ಒಂದು ಸಾಲು. ಎಷ್ಟು ಹೊತ್ತು ನಡೆಯಬೇಕು, ಎಷ್ಟು ಬಿರುಸಾಗಿ, ಮಂಡಿ ನೋಯುವವರು ಏನು ಮಾಡಬೇಕು, ಹಗಲೆಲ್ಲ ಗಾರ್ಮೆಂಟ್ಸ್‌ನಲ್ಲಿ ಮೆಷಿನ್ ಮುಂದೆ ಕೂತು ಸಂಜೆ ಮನೆಗೆ ಬಂದು ಒಲೆ ಹಚ್ಚುವ ಹೆಂಗಸು ಯಾವ ಹೊತ್ತಿನಲ್ಲಿ ನಡೆಯಬೇಕು, ಒಂದು ತಿಂಗಳಾದ ಮೇಲೆ ಏನನ್ನು ಹೆಚ್ಚಿಸಬೇಕು ಎಂಬುದಕ್ಕೆ ಆ ಸಾಲಿನಲ್ಲಿ ಉತ್ತರವಿಲ್ಲ. ಮುಂದಿನ ಸಲ ಹೋದಾಗ ಮಾತ್ರೆ ತಪ್ಪಿಸಲಿಲ್ಲ ತಾನೆ ಎಂದು ಕೇಳುತ್ತಾರೆ, ರಕ್ತಪರೀಕ್ಷೆಯ ವರದಿ ನೋಡುತ್ತಾರೆ. ಕೊನೆಯ ಸಾಲು ಏನಾಯಿತೆಂದು ವಿಚಾರಿಸುವುದು ಅಪರೂಪ.

ವೈದ್ಯರನ್ನು ದೂರಲು ಇದನ್ನು ಹೇಳುತ್ತಿಲ್ಲ. ಹೊರಗೆ ಸಾಲುಗಟ್ಟಿ ಕೂತವರನ್ನು ನೋಡಿ ಮುಗಿಸಬೇಕಾದ ವೈದ್ಯರಿಗೆ ಒಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. ಅವರ ಓದಿನಲ್ಲೂ ವ್ಯಾಯಾಮಕ್ಕೆ ದಕ್ಕಿದ ಜಾಗ ಬಹಳ ಕಡಿಮೆ. ನಾನು ಹೇಳಬೇಕೆಂದಿರುವುದು ಇಷ್ಟು: ವ್ಯಾಯಾಮವನ್ನು ನಾವು ಹಿತವಚನದ ಪಟ್ಟಿಗೆ ಸೇರಿಸಿದ್ದೇವೆ, ಅದು ಸೇರಬೇಕಾದದ್ದು ಚಿಕಿತ್ಸೆಯ ಪಟ್ಟಿಗೆ. ಚಿಕಿತ್ಸೆಯೆಂದ ಮೇಲೆ ಅದಕ್ಕೂ ಪ್ರಮಾಣ ಬೇಕು, ಹಂತ ಹಂತವಾಗಿ ಏರುವ ಕ್ರಮ ಬೇಕು, ಕಲಿಸಿ ಮತ್ತೆ ಮತ್ತೆ ವಿಚಾರಿಸುವ ಒಬ್ಬ ಮನುಷ್ಯ ಬೇಕು. ಈ ಮೂರನ್ನೂ ಕ್ರೀಡಾ ವೈದ್ಯಶಾಸ್ತ್ರ ಬಹಳ ಚೆನ್ನಾಗಿ ಬಲ್ಲದು. ಆದರೆ ಆ ತಿಳಿವಳಿಕೆಯನ್ನು ಆಟಗಾರರ ಅಂಗಳದಲ್ಲೇ ಬಿಟ್ಟು, ಉಳಿದವರಿಗೆಲ್ಲ ಒಂದು ಸಾಲು ಬರೆದು ಕಳಿಸುತ್ತಿದ್ದೇವೆ.

ಆ ಅಂಗಳದಲ್ಲಿ ಏನು ನಡೆಯುತ್ತದೆಂದು ನೋಡೋಣ. 2022ರ ಡಿಸೆಂಬರ್ 30ರಂದು ರೂರ್ಕಿ ಬಳಿ ಕಾರು ಅಪಘಾತದಲ್ಲಿ ರಿಷಭ್ ಪಂತ್ ಅವರ ಬಲಮಂಡಿಯ ಅಸ್ಥಿರಜ್ಜುಗಳು ಹರಿದವು. ಶಸ್ತ್ರಚಿಕಿತ್ಸೆಯಾಯಿತು. ಅದರ ನಂತರದ ದೀರ್ಘ ಕೆಲಸದ ಬಹುಭಾಗ ನಡೆದದ್ದು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ. 2024ರ ಮಾರ್ಚ್‌ನಲ್ಲಿ ಅವರು ಮತ್ತೆ ಮೈದಾನಕ್ಕಿಳಿದರು, ಆ ವರ್ಷದ ಜೂನ್‌ನಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ವಿಕೆಟ್ ಕೀಪರ್ ಆಗಿದ್ದರು. ಇಂಥ ಮಂಡಿಯನ್ನು ಮರಳಿ ಕಟ್ಟುವ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಬಾವು ಇಳಿಸಿ ಕಾಲನ್ನು ಪೂರ್ತಿ ನೇರ ಮಾಡುವುದು. ಮರಗಟ್ಟಿದಂತಿರುವ ತೊಡೆಯ ಮುಂಭಾಗದ ಸ್ನಾಯುವನ್ನು ಎಚ್ಚರಿಸುವುದು. ಆಮೇಲೆ ಸೈಕಲ್, ಆಮೇಲೆ ಬಸ್ಕಿ, ಆಮೇಲೆ ಭಾರ ಹೊತ್ತ ಬಸ್ಕಿ, ಕೆಲವು ತಿಂಗಳ ನಂತರ ಮೆಲ್ಲನೆಯ ಓಟ. ಪೆಟ್ಟಾದ ಕಾಲಿನ ಬಲ ಇನ್ನೊಂದು ಕಾಲಿನ ಬಲದ ಶೇ 90ಕ್ಕಾದರೂ ಬಂದಿದೆಯೇ ಎಂದು ಅಳೆಯುವವರೆಗೆ, ಸಾಮಾನ್ಯವಾಗಿ ಒಂಬತ್ತು ತಿಂಗಳು ತುಂಬುವವರೆಗೆ, ಆಟಕ್ಕೆ ಬಿಡುವುದಿಲ್ಲ. ಎರಡು ದಶಕ ಹಿಂದೆ ನಮ್ಮ ಅನಿಲ್ ಕುಂಬ್ಳೆ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾಗಿ 2001ರ ಆಸ್ಟ್ರೇಲಿಯಾ ಸರಣಿಯನ್ನೇ ಕಳೆದುಕೊಂಡಿದ್ದರು. 2008ರಲ್ಲಿ ನಿವೃತ್ತರಾಗುವಾಗ ಅವರ ಟೆಸ್ಟ್ ವಿಕೆಟ್‌ಗಳ ಸಂಖ್ಯೆ 619. ಕತ್ತರಿ ಹಿಡಿದ ಸರ್ಜನ್ ಒಬ್ಬರೇ ಇಂಥ ಮರುಹುಟ್ಟು ಕೊಡಲಾರರು. ತಿಂಗಳುಗಟ್ಟಲೆ ಅಳೆದು ಭಾರ ಹಾಕುವ ಶಿಸ್ತು ಅದರ ಹಿಂದೆ ಇರುತ್ತದೆ.

ಅದೇ ಬೆಂಗಳೂರಿನಲ್ಲಿ ಅಂಥದೇ ಮಂಡಿ ಹರಿದುಕೊಂಡ ಡೆಲಿವರಿ ಹುಡುಗನಿಗೆ ಸಿಗುವುದು ನೋವಿನ ಮಾತ್ರೆ, ಒಂದು ನೀ ಕ್ಯಾಪ್, ‘ಆರು ವಾರ ರೆಸ್ಟ್’. ಆರು ವಾರದಲ್ಲಿ ಅವನ ತೊಡೆ ಕಣ್ಣಿಗೆ ಕಾಣುವಷ್ಟು ಸಣಕಲಾಗುತ್ತದೆ. ಬಾಡಿಗೆ ಕಟ್ಟಬೇಕಾದ್ದರಿಂದ ಏಳನೆಯ ವಾರ ಅದೇ ಕಾಲಿನಲ್ಲಿ ಮೂರು ಮಹಡಿ ಹತ್ತುತ್ತಾನೆ.

ವಿಶ್ರಾಂತಿಯ ಮೇಲೆ ನಮಗಿರುವ ನಂಬಿಕೆ ಬಲು ಹಳೆಯದು, ವೈದ್ಯರಲ್ಲೂ ಅದು ಹಾಗೆಯೇ ಇತ್ತು. ಕಳೆದ ಶತಮಾನದ ನಡುಭಾಗದವರೆಗೆ ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡುತ್ತಿರಲಿಲ್ಲ. ಮಗ್ಗಲು ಬದಲಿಸಲೂ ನರ್ಸ್ ಬರಬೇಕಿತ್ತು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗಿ ಎಷ್ಟೋ ಮಂದಿ ಸತ್ತರು. ಹೃದಯದ ತಪ್ಪೇ ಎಂದು ಎಲ್ಲರೂ ತಿಳಿದರು. 1950ರ ದಶಕದ ಆರಂಭದಲ್ಲಿ ಬಾಸ್ಟನ್‌ನ ಸ್ಯಾಮುಯೆಲ್ ಲಿವೈನ್ ಮತ್ತು ಬರ್ನಾರ್ಡ್ ಲೌನ್ ರೋಗಿಗಳನ್ನು ಬೇಗನೆ ಎಬ್ಬಿಸಿ ಕೈಯಿರುವ ಕುರ್ಚಿಯಲ್ಲಿ ಕೂರಿಸತೊಡಗಿದಾಗ ಇದು ಕೊಲೆಗೆ ಸಮಾನವೆಂಬಂಥ ಮಾತು ಸಹೋದ್ಯೋಗಿಗಳಿಂದಲೇ ಬಂತು. ರೋಗಿಗಳು ಸಾಯಲಿಲ್ಲ, ಚೇತರಿಸಿಕೊಂಡರು. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಅವರನ್ನು ನೋಡಿದ ಪಾಲ್ ಡಡ್ಲಿ ವೈಟ್ ಅವರೂ ಕೂರುವುದು, ನಡೆಯುವುದು, ಕೆಲಸಕ್ಕೆ ಮರಳುವುದು ಇದರ ಪರವಾಗಿಯೇ ನಿಂತರು. ಐಸೆನ್‌ಹೋವರ್ ಮುಂದಿನ ವರ್ಷ ಮತ್ತೆ ಚುನಾವಣೆ ಗೆದ್ದರು.

ಹಾಸಿಗೆ ಏನು ಮಾಡುತ್ತದೆಂದು ಲೆಕ್ಕ ಹಾಕಿ ತೋರಿಸಿದ ಪ್ರಯೋಗ ನಡೆದದ್ದು 1966ರಲ್ಲಿ, ಟೆಕ್ಸಸ್‌ನ ಡಲ್ಲಾಸ್‌ನಲ್ಲಿ. ಇಪ್ಪತ್ತರ ಆಸುಪಾಸಿನ ಐದು ಮಂದಿ ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿದರು. ದಣಿದಾಗ ದೇಹ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಸಾಮರ್ಥ್ಯ ಅವರಲ್ಲಿ ಕಾಲುಭಾಗಕ್ಕೂ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷ ಕಳೆದು ಅದೇ ಐವರನ್ನು ಹುಡುಕಿ ಕರೆಸಿದರು. ಮೈ ಬಂದಿತ್ತು, ಐವತ್ತು ದಾಟಿದ್ದರು. ಆದರೂ ಮೂವತ್ತು ವರ್ಷದ ಮುಪ್ಪು ಅವರಿಂದ ಕಿತ್ತುಕೊಂಡದ್ದು ಆ ಮೂರು ವಾರದ ಹಾಸಿಗೆ ಕಿತ್ತುಕೊಂಡದ್ದಕ್ಕಿಂತ ಕಡಿಮೆಯಿತ್ತು. ಆರು ತಿಂಗಳು ಕ್ರಮವಾಗಿ ನಡೆಸಿ, ಓಡಿಸಿ, ಸೈಕಲ್ ತುಳಿಸಿದ ಮೇಲೆ ಅವರ ಸಾಮರ್ಥ್ಯ ಇಪ್ಪತ್ತರ ವಯಸ್ಸಿನ ಮಟ್ಟಕ್ಕೆ ಮರಳಿತು. ಐದೇ ಜನರ ಅಧ್ಯಯನ, ನಿಜ. ಆದರೆ ಮುಪ್ಪು ಮತ್ತು ಜಡತೆ ಎರಡನ್ನೂ ಒಂದೇ ದೇಹದಲ್ಲಿ ಬೇರ್ಪಡಿಸಿ ತೋರಿಸಿದ ಇಂಥ ಪುರಾವೆ ಇನ್ನೊಂದಿದೆಯೆಂದು ನನಗನ್ನಿಸುವುದಿಲ್ಲ.

ನಮ್ಮ ಮನೆಗಳಲ್ಲಿ ಹಿರಿಯರನ್ನು ಕೂರಿಸಿ ಸೇವೆ ಮಾಡುವುದು ಪ್ರೀತಿಯ ಗುರುತು. ‘ನೀವೇಕೆ ಎದ್ದಿರಿ, ನಾನು ತಂದುಕೊಡುತ್ತಿರಲಿಲ್ಲವೇ’ ಎನ್ನುವ ಸೊಸೆಯ ಮಾತಿನಲ್ಲಿ ಕಪಟವಿಲ್ಲ. ಆದರೆ ಆ ಕಾಳಜಿಯಲ್ಲೇ ಅತ್ತೆಯ ತೊಡೆ ಕರಗುತ್ತಾ ಹೋಗುತ್ತದೆ. ಒಂದು ದಿನ ಬಚ್ಚಲಲ್ಲಿ ಜಾರಿ ಸೊಂಟ ಮುರಿದಾಗ ಎಲ್ಲರೂ ಮೂಳೆಯನ್ನು ಬೈಯುತ್ತಾರೆ. 1990ರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಬಾಸ್ಟನ್‌ನ ಒಂದು ವೃದ್ಧಾಶ್ರಮದಲ್ಲಿ 86ರಿಂದ 96 ವರ್ಷದ ದುರ್ಬಲ ಹಿರಿಯರ ಕೈಯಲ್ಲಿ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಸುಮ್ಮನೆ ಕೈಕಾಲು ಆಡಿಸುವ ಶಾಸ್ತ್ರವಲ್ಲ, ಅವರವರು ಎತ್ತಬಲ್ಲ ಗರಿಷ್ಠ ಭಾರದ ಶೇ 80ರಷ್ಟು. ಕೊನೆಯವರೆಗೆ ಮಾಡಿದ ಒಂಬತ್ತು ಮಂದಿಯಲ್ಲಿ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲು ಬಿಟ್ಟರು. ತೊಂಬತ್ತರ ಸ್ನಾಯುವೂ ಕೆಲಸ ಕೊಟ್ಟರೆ ಬೆಳೆಯುತ್ತದೆ, ಕೊಡುವವರಿಲ್ಲದಿದ್ದರೆ ಐವತ್ತರದೂ ಸೊರಗುತ್ತದೆ.

ಕ್ರೀಡಾ ವೈದ್ಯಶಾಸ್ತ್ರ ತನ್ನೊಳಗೇ ತಿದ್ದಿಕೊಂಡ ಸಂಗತಿಯೂ ಇಲ್ಲಿ ನೆನಪಾಗುತ್ತದೆ. ಕಾಲು ಉಳುಕಿದರೆ ವಿಶ್ರಾಂತಿ, ಐಸ್, ಬಿಗಿಪಟ್ಟಿ, ಎತ್ತರದಲ್ಲಿಡುವುದು ಎಂಬ ಪ್ರಸಿದ್ಧ ಸೂತ್ರವನ್ನು 1978ರ ತಮ್ಮ ಪುಸ್ತಕದಲ್ಲಿ ಬರೆದವರು ಗೇಬ್ ಮರ್ಕಿನ್. ಸಂಪೂರ್ಣ ವಿಶ್ರಾಂತಿ ಮತ್ತು ಅತಿಯಾದ ಐಸ್ ಗಾಯ ಮಾಯುವುದನ್ನು ತಡಮಾಡಬಹುದೆಂದು ಹಲವು ವರ್ಷಗಳ ನಂತರ ಅವರೇ ಬರೆದರು. ಈಗಿನ ತಿಳಿವಳಿಕೆಯಲ್ಲಿ ಮೊದಲ ಒಂದೆರಡು ದಿನದ ರಕ್ಷಣೆ ಮುಗಿದ ಮೇಲೆ ನೋವು ಸಹಿಸುವಷ್ಟು ಭಾರ ಹಾಕುತ್ತಾ ಹೋಗುವುದೇ ಮದ್ದು. ಶಾಲೆಯ ಮೈದಾನದಲ್ಲಿ ಬಿದ್ದ ಮಗುವಿನ ತನಕ ಈ ತಿದ್ದುಪಡಿ ಇನ್ನೂ ಬಂದು ತಲುಪಿಲ್ಲ.

ವ್ಯಾಯಾಮದ ಲಾಭವನ್ನು ಮೊದಲು ದೊಡ್ಡ ಸಂಖ್ಯೆಯಲ್ಲಿ ತೋರಿಸಿದ್ದು ಆಟಗಾರರಲ್ಲ, ಲಂಡನ್ನಿನ ಬಸ್ ಕಂಡಕ್ಟರುಗಳು. 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಜೆರ್ರಿ ಮಾರಿಸ್ ಮತ್ತು ಸಂಗಡಿಗರ ಲೇಖನ ಬಂತು. ಡಬಲ್ ಡೆಕರ್ ಬಸ್ಸಿನ ಚಾಲಕ ಪಾಳಿಯ ಬಹುಪಾಲು ಕೂತೇ ಇರುತ್ತಾನೆ, ಟಿಕೆಟ್ ಕೊಡುವವನು ಮೇಲಿನ ಅಟ್ಟಕ್ಕೆ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಸಂಬಳ, ವಸತಿ, ಬಡಾವಣೆ ಹೆಚ್ಚುಕಡಿಮೆ ಒಂದೇ. ಆದರೂ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆಯಿತ್ತು, ಬಂದರೂ ತಡವಾಗಿ ಬರುತ್ತಿತ್ತು, ಬಂದಾಗ ಸಾಯುವವರೂ ಕಡಿಮೆ. ಚಾಲಕರಾಗಿ ಸೇರುವವರೇ ಮೊದಲಿನಿಂದ ಸ್ಥೂಲಕಾಯರಿರಬಹುದಲ್ಲ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಮಾರಿಸ್ ಅದನ್ನು ತಳ್ಳಿಹಾಕಲಿಲ್ಲ. ಇಲಾಖೆ ಹೊಲಿಸಿಕೊಟ್ಟ ಸಮವಸ್ತ್ರದ ಸೊಂಟದಳತೆಯ ದಾಖಲೆ ತರಿಸಿ ನೋಡಿದರು. ಚಾಲಕರ ಪ್ಯಾಂಟು ನಿಜಕ್ಕೂ ದೊಡ್ಡದಿತ್ತು. ಆದರೆ ಒಂದೇ ಸೊಂಟದಳತೆಯವರನ್ನು ಹೋಲಿಸಿದಾಗಲೂ ಕಂಡಕ್ಟರುಗಳೇ ಸುರಕ್ಷಿತರಾಗಿದ್ದರು. ಮುಂದೆ ಕಚೇರಿ ನೌಕರರಲ್ಲಿ ಬಿಡುವಿನ ವೇಳೆ ಬಿರುಸಿನ ವ್ಯಾಯಾಮ ಮಾಡುವವರನ್ನು ವರ್ಷಗಟ್ಟಲೆ ಹಿಂಬಾಲಿಸಿ ಅದೇ ಫಲ ಕಂಡರು. ಸ್ವತಃ ತೊಂಬತ್ತು ದಾಟಿದ ಮೇಲೂ ವ್ಯಾಯಾಮ ಬಿಡದ ಮಾರಿಸ್ 2009ರಲ್ಲಿ ತೀರಿಕೊಂಡಾಗ ನೂರಕ್ಕೆ ಕೆಲವೇ ತಿಂಗಳು ಬಾಕಿಯಿತ್ತು.

ಹಾಗಾದರೆ ಹೊಲದಲ್ಲಿ ದುಡಿಯುವವರಿಗೆ, ಮೂಟೆ ಹೊರುವ ಹಮಾಲರಿಗೆ ಯಾವ ಕಾಯಿಲೆಯೂ ಬರಬಾರದಲ್ಲ? ಈ ಪ್ರಶ್ನೆಯನ್ನು ಹಳ್ಳಿಯ ಜನ ಸರಿಯಾಗಿಯೇ ಕೇಳುತ್ತಾರೆ. ‘ಬೆಳಗಿನಿಂದ ಗೇಯ್ದವರಿಗೆ ಮತ್ತೆಂಥ ವಾಕಿಂಗು?’ ಉತ್ತರ ನೇರವಾಗಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ದುಡಿಮೆಯಲ್ಲೇ ತೀರಾ ಹೆಚ್ಚು ದೇಹಶ್ರಮವಿರುವ ಗಂಡಸರಲ್ಲಿ ಅಕಾಲ ಸಾವು ಶೇ 18ರಷ್ಟು ಹೆಚ್ಚಿಗೆ ಕಂಡಿತು. ಬಡತನ, ಬೀಡಿ, ಕೆಟ್ಟ ಊಟ, ತಡವಾಗಿ ಸಿಗುವ ಚಿಕಿತ್ಸೆ ಇದಕ್ಕೆ ಎಷ್ಟರಮಟ್ಟಿಗೆ ಕಾರಣ ಎಂಬ ಚರ್ಚೆ ಮುಗಿದಿಲ್ಲ. ಆದರೆ ದೇಹದ ಲೆಕ್ಕ ಸ್ಪಷ್ಟವಾಗಿದೆ. ಅರ್ಧ ಗಂಟೆಯ ಬಿರುಸು ನಡಿಗೆಯಲ್ಲಿ ಹೃದಯದ ಬಡಿತ ಏರಿ ಇಳಿಯುತ್ತದೆ. ದಿನದ ಉಳಿದ ಹೊತ್ತು, ರಾತ್ರಿಯ ನಿದ್ದೆ ಅದಕ್ಕೆ ಚೇತರಿಸಿಕೊಳ್ಳಲು ಸಿಗುತ್ತದೆ, ಆ ಚೇತರಿಕೆಯಲ್ಲೇ ದೇಹ ಬಲಗೊಳ್ಳುತ್ತದೆ. ಬಿಸಿಲಲ್ಲಿ ಎಂಟು ಗಂಟೆ ಇಟ್ಟಿಗೆ ಹೊತ್ತವನ ಬಡಿತ ದಿನವಿಡೀ ಏರಿಯೇ ಇರುತ್ತದೆ. ಸೊಂಟ ಬಗ್ಗಿಸಿ ನಾಟಿ ಹಾಕುವವಳ ಬೆನ್ನಿಗೆ ಒಂದೇ ಭಂಗಿಯ ಭಾರ, ಬಿಡುವಿಲ್ಲದೆ. ಭಾರ ಎಷ್ಟು, ಯಾವಾಗ ಇಳಿಸಬೇಕು ಎಂಬ ತೀರ್ಮಾನ ಅವರ ಕೈಯಲ್ಲಿಲ್ಲ, ಮೇಸ್ತ್ರಿಯ ಕೈಯಲ್ಲಿದೆ.

ಇಂಥವರಿಗೆ ಕ್ರೀಡಾ ವೈದ್ಯರು ವಾಕಿಂಗ್ ಹೇಳುವುದಿಲ್ಲ. ವೇಗದ ಬೌಲರ್‌ಗೆ ವಾರಕ್ಕೆ ಇಷ್ಟೇ ಓವರ್ ಎಂದು ಲೆಕ್ಕವಿಟ್ಟು ಬೆನ್ನು ಕಾಯುವ ಶಾಸ್ತ್ರ, ಮೂಟೆ ಹೊರುವವನಿಗೂ ಅದನ್ನೇ ಹೇಳುತ್ತದೆ: ಭಾರಕ್ಕೆ ಮಿತಿ, ನಡುವೆ ನೆರಳು ಮತ್ತು ನೀರು, ನಿದ್ದೆ, ಬೆನ್ನು ತೊಡೆಗಳನ್ನು ಆ ಕೆಲಸಕ್ಕೆ ತಕ್ಕಂತೆ ಬಲಪಡಿಸುವ ಕೆಲವೇ ಚಲನೆಗಳು. ಬೌಲರ್ ಬೆನ್ನಿಗೆ ಸಿಗುವ ಗೌರವ ಹಮಾಲರ ಬೆನ್ನಿಗೆ ಸಿಗದಿರುವುದಕ್ಕೆ ವೈದ್ಯಶಾಸ್ತ್ರದಲ್ಲಿ ಯಾವ ಕಾರಣವೂ ಇಲ್ಲ.

ಪ್ರಮಾಣದ ವಿಚಾರ ಪಶ್ಚಿಮದಿಂದ ಬಂದ ಹೊಸ ಮಾತೂ ಅಲ್ಲ. ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮಕ್ಕೆ ಬಳಸಬೇಕು, ಮೀರಿದರೆ ಅದೇ ಕೆಡುಕು ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ವಯಸ್ಸು, ಕಾಲ, ದೇಶ, ಆಹಾರ ನೋಡಿ ಮಾಡಿಸಬೇಕೆನ್ನುತ್ತದೆ. ಪ್ರಮೇಹಕ್ಕೆ ದೂರದೂರ ನಡೆಯುವುದನ್ನು, ಬಾವಿ ತೋಡುವುದನ್ನು ಚಿಕಿತ್ಸೆಯಾಗಿಯೇ ಸೂಚಿಸುತ್ತದೆ. ನಮ್ಮ ಗರಡಿಮನೆಗಳಲ್ಲೂ ಹೊಸದಾಗಿ ಬಂದ ಹುಡುಗನಿಗೆ ಉಸ್ತಾದರು ಮೊದಲ ದಿನವೇ ಗದೆ ಕೊಡುತ್ತಿರಲಿಲ್ಲ. ಇಷ್ಟು ಬಸ್ಕಿ, ಇಷ್ಟು ದಂಡ, ಆಮೇಲೆ ಮಟ್ಟಿ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಕನ್ನಡಿಗರಿಗೆ ಪರಿಚಿತರಾದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರು, ದೂರದೂರಿನವರಿಗೆ ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಕಳಿಸುತ್ತಿದ್ದರು. ಫೋನೂ ಅಪರೂಪವಾಗಿದ್ದ ಕಾಲದಲ್ಲಿ ಅದು ಸಾಧ್ಯವಾಗಿತ್ತು ಎಂಬುದನ್ನು ಮರೆಯಬಾರದು.

ಸಕ್ಕರೆ ಕಾಯಿಲೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಜನರ ಪಾಲಿಗೆ ಈ ಇಡೀ ವಾದ ನಿಲ್ಲುವುದೂ ಬೀಳುವುದೂ ಅಲ್ಲೇ. ಐಸಿಎಂಆರ್ ನೆರವಿನ ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯ ಬಹುದೊಡ್ಡ ಗಿರಾಕಿ ನಮ್ಮ ಸ್ನಾಯು. ಇನ್ಸುಲಿನ್ ಬಂದು ಬಾಗಿಲು ತಟ್ಟಿದಾಗ ಸ್ನಾಯುವಿನ ಜೀವಕೋಶ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕಾಯಿಲೆಯಲ್ಲಿ ಈ ಬಾಗಿಲು ಕಿವುಡಾಗುತ್ತದೆ. ಆದರೆ ಸ್ನಾಯು ಸಂಕುಚಿಸಿದಾಗ ಇನ್ಸುಲಿನ್ನಿನ ಅಪ್ಪಣೆಯಿಲ್ಲದೆಯೂ ಸಕ್ಕರೆಯನ್ನು ಒಳಗೆ ಸೆಳೆಯುವ ಇನ್ನೊಂದು ದಾರಿ ತೆರೆಯುತ್ತದೆ. ಒಮ್ಮೆ ಚೆನ್ನಾಗಿ ದಣಿದ ಸ್ನಾಯುವಿನಲ್ಲಿ ಇದರ ಪರಿಣಾಮ ಒಂದೆರಡು ದಿನ ಉಳಿಯುತ್ತದೆ, ಆಮೇಲೆ ಇಳಿಯುತ್ತದೆ. ವ್ಯಾಯಾಮವನ್ನು ಭಾನುವಾರಕ್ಕೊಮ್ಮೆ ಮಾಡಿ ಮುಗಿಸಲಾಗದಿರುವುದು ಇದಕ್ಕೇ.

ಭಾರತೀಯ ದೇಹಕ್ಕೆ ಸ್ನಾಯು ಇನ್ನೂ ಮುಖ್ಯ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ದಶಕಗಳಿಂದ ತೋರಿಸುತ್ತಾ ಬಂದಿರುವಂತೆ, ನಾವು ನೋಡಲು ತೆಳ್ಳಗಿದ್ದರೂ ಅದೇ ತೂಕದ ಯುರೋಪಿನವರಿಗಿಂತ ನಮ್ಮಲ್ಲಿ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಪುಣೆಯಲ್ಲಿ ಹುಟ್ಟಿದ ಕಡಿಮೆ ತೂಕದ ಶಿಶುಗಳಲ್ಲೇ ಇದರ ಸುಳಿವಿತ್ತು. ‘ನಾನು ಸಣ್ಣಗಿದ್ದೇನೆ, ನನಗೇಕೆ ವ್ಯಾಯಾಮ’ ಎನ್ನುವ ಮಾತಿಗೆ ಇಲ್ಲಿ ನೆಲೆಯಿಲ್ಲ. ಚೆನ್ನೈನ ಎ. ರಾಮಚಂದ್ರನ್ ಮತ್ತು ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಪ್ರತಿಯೊಂದು ಆರೋಗ್ಯ ಇಲಾಖೆಯ ಗೋಡೆಯ ಮೇಲೆ ಬರೆಸಬೇಕು. ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಮೂರು ವರ್ಷದವರೆಗೆ ಗಮನಿಸಿದರು. ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ ಶೇ 55 ಮಂದಿ ಸಕ್ಕರೆ ಕಾಯಿಲೆಗೆ ಬಿದ್ದರು. ಊಟದ ಪಥ್ಯ ಮತ್ತು ನಡಿಗೆಯನ್ನು ಕ್ರಮವಾಗಿ ಹೇಳಿ, ಪದೇ ಪದೇ ವಿಚಾರಿಸಿದವರಲ್ಲಿ ಶೇ 39ರಷ್ಟು. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಶೇ 40ರಷ್ಟು. ಎರಡನ್ನೂ ಸೇರಿಸಿ ಕೊಟ್ಟರೂ ಹೆಚ್ಚೇನೂ ಲಾಭವಾಗಲಿಲ್ಲ. ಮಾತ್ರೆಗೆ ಸಮನಾಗಿ ನಿಂತದ್ದು ವಿಚಾರಿಸುವವರಿದ್ದ ನಡಿಗೆ ಮತ್ತು ಪಥ್ಯ.

ವಿಚಾರಿಸುವವರು ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರ ಎಂಬುದಕ್ಕೆ 2025ರ ಜೂನ್‌ನಲ್ಲಿ ಬಂದ ಪುರಾವೆ ಎಲ್ಲಕ್ಕಿಂತ ದೊಡ್ಡದು. ದೊಡ್ಡಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕೀಮೊಥೆರಪಿ ಮುಗಿಸಿದ 889 ಮಂದಿಯನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಆರೋಗ್ಯದ ಮಾಹಿತಿಯ ಪುಸ್ತಿಕೆ. ಒಂದು ಗುಂಪಿಗೆ ಅದರ ಜೊತೆಗೆ ಮೂರು ವರ್ಷ ಒಬ್ಬ ತರಬೇತುದಾರರ ಸಹವಾಸ: ಎಷ್ಟು ನಡೆಯಬೇಕೆಂದು ಒಟ್ಟಿಗೆ ಕೂತು ತೀರ್ಮಾನಿಸುವುದು, ಮಾಡಿದ್ದನ್ನು ಕೇಳುವುದು, ಹೆಚ್ಚಿಸುವುದು. ಎಂಟು ವರ್ಷದ ಹೊತ್ತಿಗೆ ಪುಸ್ತಿಕೆಯ ಗುಂಪಿನಲ್ಲಿ ಬದುಕುಳಿದವರು ಶೇ 83.2, ತರಬೇತಿಯ ಗುಂಪಿನಲ್ಲಿ ಶೇ 90.3. ಇಷ್ಟು ಅಂತರ ಕೊಡುವ ಕ್ಯಾನ್ಸರ್ ಔಷಧಿಯೊಂದು ಬಂದರೆ ಲಕ್ಷಗಟ್ಟಲೆ ಬೆಲೆ ಕಟ್ಟುತ್ತಾರೆ, ಅದನ್ನು ವಿಮೆಗೆ ಸೇರಿಸಿ ಎಂದು ಚಳವಳಿ ನಡೆಯುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಈಗ ಕೊಡುತ್ತಿರುವುದು ಪುಸ್ತಿಕೆ, ಎಷ್ಟೋ ಕಡೆ ಅದೂ ಇಲ್ಲ.

ಇಷ್ಟೆಲ್ಲ ಹೇಳುವಾಗ ನಮ್ಮ ರಾಜ್ಯದಲ್ಲಿ ಒಂದು ನೋವು ಎದುರು ಬಂದು ನಿಲ್ಲುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್, ಕೇವಲ 46ನೆಯ ವಯಸ್ಸಿನಲ್ಲಿ, ಬೆಳಗಿನ ವ್ಯಾಯಾಮದ ಬೆನ್ನಿಗೇ ಅಸ್ವಸ್ಥರಾಗಿ ತೀರಿಕೊಂಡರು. ಅಷ್ಟು ಕಟ್ಟುಮಸ್ತಾಗಿದ್ದ ಅಪ್ಪುವಿಗೇ ಹೀಗಾಯಿತೆಂದ ಮೇಲೆ ಜಿಮ್ ಎಂದರೇ ಜನ ಹೆದರಿದರು, ಹೃದಯ ತಪಾಸಣೆಗೆ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. 2025ರಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಅದೇ ಸಾಲು ಮತ್ತೆ ಕಂಡಿತು. ಅಲ್ಲಿ ಅಸಹಜ ಏರಿಕೆ ಆಗಿಲ್ಲವೆಂದು ತಜ್ಞರ ಸಮಿತಿ ವರದಿ ಕೊಟ್ಟಿತು. ಒಬ್ಬರ ಸಾವಿನ ಕಾರಣವನ್ನು ದೂರದಿಂದ ವಿವರಿಸುವ ಹಕ್ಕು ನನಗಿಲ್ಲ. ಆದರೆ ಆ ಭಯಕ್ಕೆ ಉತ್ತರ ಕೊಡಲೇಬೇಕು. ಬಿರುಸಿನ ಶ್ರಮದ ಹೊತ್ತಿನಲ್ಲಿ ಹೃದಯಾಘಾತದ ಅಪಾಯ ಸ್ವಲ್ಪ ಹೊತ್ತು ಏರುವುದು ನಿಜ. ಎಷ್ಟು ಏರುತ್ತದೆ ಎಂಬುದು ಮಾತ್ರ ಮನುಷ್ಯನಿಂದ ಮನುಷ್ಯನಿಗೆ ಬೇರೆ. 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಂತೆ, ವಾರಕ್ಕೊಮ್ಮೆಯೂ ವ್ಯಾಯಾಮ ಮಾಡದವನು ಹಠಾತ್ತಾಗಿ ಭಾರೀ ಶ್ರಮಕ್ಕೆ ಇಳಿದರೆ ಆ ಹೊತ್ತಿನ ಅಪಾಯ ಸಾಮಾನ್ಯಕ್ಕಿಂತ 107 ಪಟ್ಟು. ವಾರಕ್ಕೆ ಐದು ಸಲವೋ ಹೆಚ್ಚೋ ಮಾಡುವವರಲ್ಲಿ ಅದು ಬರೀ 2.4 ಪಟ್ಟು. ಅಪಾಯ ಇರುವುದು ಜಡತೆಯಿಂದ ಒಮ್ಮೆಗೇ ಬಿರುಸಿಗೆ ಹಾರುವುದರಲ್ಲಿ. ಮನೆಯಲ್ಲಿ ಹೃದ್ರೋಗದ ಇತಿಹಾಸವಿರುವವರು, ನಡೆಯುವಾಗ ಎದೆ ಹಿಡಿದುಕೊಳ್ಳುವವರು, ನಲವತ್ತು ದಾಟಿ ಹೊಸದಾಗಿ ಭಾರ ಎತ್ತಲು ಹೊರಟವರು ಮೊದಲು ತಪಾಸಣೆ ಮಾಡಿಸಲಿ. ಎದೆಯುರಿ, ದವಡೆ ನೋವು, ಅಸಹಜ ದಣಿವು ಕಂಡರೆ ‘ಗ್ಯಾಸ್ಟ್ರಿಕ್’ ಎಂದು ತಳ್ಳದೆ ಅಲ್ಲೇ ನಿಲ್ಲಿಸಲಿ. ಇದನ್ನು ಹೇಳಿಕೊಡುವವರಿಲ್ಲದ ಜಿಮ್‌ನಲ್ಲಿ, ಮದುವೆಗೆ ಎರಡು ತಿಂಗಳಿರುವಾಗ ಮೈ ಕಟ್ಟಲು ಹೋದ ಹುಡುಗನಿಗೆ ಪುಡಿಯ ಡಬ್ಬಿ ಮಾರುತ್ತಾರೆ.

ಹೆಂಗಸರ ಪಾಲಿನ ಅನ್ಯಾಯ ಇನ್ನೂ ಆಳವಾದದ್ದು. 2022ರ ಅಂಕಿಅಂಶ ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಪ್ರಕಟಿಸಿದ ಅಂದಾಜಿನಲ್ಲಿ, ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಾಕಷ್ಟು ದೇಹಚಟುವಟಿಕೆಯಿಲ್ಲ. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಸೋಮಾರಿತನ ಎಂದು ಇದನ್ನು ಓದುವವರು ನಮ್ಮ ಮನೆಗಳನ್ನು ನೋಡಿಲ್ಲ. ದಿನವಿಡೀ ನಿಂತು, ಬಾಗಿ, ಕೂತು ಮಾಡುವ ಕೆಲಸ ಸುಸ್ತು ಮಾಡುತ್ತದೆ, ಬಲ ಕೊಡುವುದಿಲ್ಲ. ಬೆಳಗಿನ ಪಾರ್ಕು ಗಂಡಸರದ್ದು, ಜಿಮ್ ಹುಡುಗರದ್ದು, ಸಂಜೆಯ ರಸ್ತೆಯಲ್ಲಿ ದೀಪವಿಲ್ಲ. ಭಾರ ಎತ್ತಿದರೆ ಗರ್ಭಕೋಶ ಜಾರುತ್ತದೆ, ಮೈ ಗಂಡಸಿನಂತಾಗುತ್ತದೆ ಎಂಬ ಮಾತು ಬೇರೆ. ಮುಟ್ಟು ನಿಂತ ಮೇಲೆ ಮೂಳೆ ವೇಗವಾಗಿ ಸವೆಯುವುದು ಅವರಲ್ಲೇ. ಮೂಳೆ ಗಟ್ಟಿಯಾಗಬೇಕಾದರೆ ಅದರ ಮೇಲೆ ಭಾರ ಬೀಳಬೇಕು, ಸಮತಟ್ಟು ನೆಲದ ನಡಿಗೆ ಸಾಲದು. ಆಸ್ಟ್ರೇಲಿಯಾದಲ್ಲಿ 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೂಳೆಸವೆತವಿದ್ದ, ಸರಾಸರಿ 65 ವರ್ಷದ ಹೆಂಗಸರು ವಾರಕ್ಕೆರಡು ದಿನ ಅರ್ಧರ್ಧ ಗಂಟೆ, ಎಂಟು ತಿಂಗಳು, ತರಬೇತುದಾರರ ಕಣ್ಣೆದುರು ನಿಜವಾದ ಭಾರ ಎತ್ತಿದರು. ಅವರ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇ 3ರಷ್ಟು ಹೆಚ್ಚಿತು; ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆಯ ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ ಕೇಳುತ್ತದೆ. 150 ನಿಮಿಷ ಎಲ್ಲರ ಬಾಯಲ್ಲಿದೆ. ಎರಡು ದಿನದ ಮಾತನ್ನು ಯಾರೂ ಎತ್ತುವುದಿಲ್ಲ.

ಮಂಡಿನೋವಿನ ಬಗ್ಗೆ ಉತ್ಪ್ರೇಕ್ಷೆ ಮಾಡಬಾರದು. ಸವೆದ ಮಂಡಿಗೆ ವ್ಯಾಯಾಮ ಪವಾಡ ಮಾಡುವುದಿಲ್ಲ. ಎಲ್ಲ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ ನೋವಿನಲ್ಲಿ ಸಿಗುವ ಉಪಶಮನ ಸಾಧಾರಣ ಮಟ್ಟದ್ದು. ಆದರೆ ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆ ಮೂತ್ರಪಿಂಡಕ್ಕೂ ಹೊಟ್ಟೆಗೂ ಮಾಡುವುದನ್ನು ಇದು ಮಾಡುವುದಿಲ್ಲ, ಜೊತೆಗೆ ಸಕ್ಕರೆ, ನಿದ್ದೆ, ಮನಸ್ಸಿಗೂ ನೆರವಾಗುತ್ತದೆ. ಓಡಿದರೆ ಮಂಡಿ ಸವೆಯುತ್ತದೆಂಬ ಭಯಕ್ಕೂ ಆಧಾರ ಸಾಲದು: 2017ರ ಒಂದು ವಿಶ್ಲೇಷಣೆಯಲ್ಲಿ ಹವ್ಯಾಸಕ್ಕೆ ಓಡುವವರಲ್ಲಿ ಸೊಂಟ–ಮಂಡಿಯ ಸವೆತ ಶೇ 3.5, ಜಡವಾಗಿ ಕೂತವರಲ್ಲಿ ಶೇ 10.2. ಸ್ಪರ್ಧೆಗಾಗಿ ಓಡುವವರಲ್ಲಿ ಶೇ 13.3 ಇದ್ದದ್ದೂ ಪ್ರಮಾಣದ ಪಾಠವನ್ನೇ ಹೇಳುತ್ತದೆ.

ಡೆನ್ಮಾರ್ಕ್‌ನಲ್ಲಿ 2013ರಿಂದ ಮಂಡಿನೋವಿನವರಿಗಾಗಿ ಒಂದು ಸರಳ ಕಾರ್ಯಕ್ರಮ ನಡೆದಿದೆ. ತರಬೇತಿ ಪಡೆದ ಫಿಸಿಯೊ ಮುಂದೆ ಗುಂಪಾಗಿ ವಾರಕ್ಕೆರಡು ಸಲ, ಆರು ವಾರ. ನ್ಯೂಜಿಲೆಂಡ್‌ನಲ್ಲಿ 1998ರಿಂದ ವೈದ್ಯರು ಔಷಧಿ ಚೀಟಿಯ ಹಾಗೆಯೇ ‘ಹಸಿರು ಚೀಟಿ’ ಬರೆಯುತ್ತಾರೆ. ಅದನ್ನು ಹಿಡಿದು ಹೋದವರಿಗೆ ವ್ಯಾಯಾಮ ಕಲಿಸಿ ತಿಂಗಳುಗಟ್ಟಲೆ ಫೋನು ಮಾಡಿ ವಿಚಾರಿಸುವ ವ್ಯವಸ್ಥೆಯಿದೆ. ಅವು ಶ್ರೀಮಂತ ದೇಶಗಳು, ನಮಗೆ ಮೊದಲು ಔಷಧಿ, ಹಾಸಿಗೆ, ಆಂಬುಲೆನ್ಸ್ ಸಿಗಲಿ ಎನ್ನುವವರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ತಾಲ್ಲೂಕು ಕೇಂದ್ರಕ್ಕೆ ಹೋಗುವ ಬಡವನಿಗೆ ಬಸ್ಕಿಯ ಪಾಠ ಹೇಳುವುದು ಕ್ರೌರ್ಯವಾದೀತು. ಆದರೆ ಅವನು ಆ ಡಯಾಲಿಸಿಸ್ ಕುರ್ಚಿಗೆ ಬಂದು ಸೇರಿದ ದಾರಿಯಲ್ಲಿ ಹತ್ತಿಪ್ಪತ್ತು ವರ್ಷ ಕೈಗೆ ಸಿಗುತ್ತಿದ್ದನಲ್ಲ? ಆಗ ಅವನಿಗೆ ದಕ್ಕಿದ್ದು ಕೊನೆಯ ಆ ಸಾಲು ಮಾತ್ರ. ಖರ್ಚಿನ ಲೆಕ್ಕ ಹಾಕುವುದಾದರೆ ಅಲ್ಲಿಂದ ಹಾಕಬೇಕು.

ಬೇಕಾದದ್ದರಲ್ಲಿ ಬಹಳಷ್ಟು ಈಗಾಗಲೇ ನಮ್ಮಲ್ಲಿದೆ. ನಗರದ ಬಡಾವಣೆಗಳಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಿವೆ, ಮನೆ ಮನೆ ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ. ರಾಜ್ಯದ ಕಾಲೇಜುಗಳಿಂದ ಪ್ರತಿವರ್ಷ ಫಿಸಿಯೊಥೆರಪಿ ಓದಿದ ಮಕ್ಕಳು ಹೊರಬಂದು, ಸಂಬಳ ಸಾಲದೆ ಹೊರದೇಶದ ಪರೀಕ್ಷೆಗೆ ಕೂರುತ್ತಾರೆ. ಸಂಜೆ ಬೀಗ ಹಾಕುವ ಶಾಲಾ ಮೈದಾನಗಳಿವೆ, ಊರಿನ ಎಲ್ಲರನ್ನೂ ಹೆಸರು ಹಿಡಿದು ಕರೆಯಬಲ್ಲ ಪಿ.ಟಿ. ಮೇಷ್ಟ್ರುಗಳಿದ್ದಾರೆ. ಮೈಸೂರು, ಧಾರವಾಡ, ದಾವಣಗೆರೆ ಕಡೆ ಗರಡಿಮನೆಗಳು ಇನ್ನೂ ಬಾಗಿಲು ಮುಚ್ಚಿಲ್ಲ. ಇವರನ್ನೆಲ್ಲ ಒಂದು ಚೀಟಿಗೆ ಹೊಂದಿಸುವುದು ಬಾಕಿಯಿದೆ. ಪ್ರತಿ ಕ್ಲಿನಿಕ್‌ನಲ್ಲಿ ವಾರಕ್ಕೆರಡು ದಿನ ಒಬ್ಬ ಫಿಸಿಯೊ ಕೂರಲಿ. ಬಿ.ಪಿ., ಶುಗರ್ ನೋಡುವಾಗಲೇ ಕೈಯ ಆಸರೆಯಿಲ್ಲದೆ ಕುರ್ಚಿಯಿಂದ ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಬಲ್ಲರೆಂದು ಎಣಿಸಿ ಪುಸ್ತಕದಲ್ಲಿ ಬರೆಯಲಿ. ವೃದ್ಧರ ಕಾಲಿನ ಬಲ ಅಳೆಯಲು ಜಗತ್ತಿನಾದ್ಯಂತ ಬಳಸುವ ಪರೀಕ್ಷೆಯಿದು. ಒಂದು ಕುರ್ಚಿ, ಒಂದು ಗಡಿಯಾರ ಸಾಕು. ಆ ಸಂಖ್ಯೆ ನೋಡಿ ಇಷ್ಟು ಬಸ್ಕಿ, ಇಷ್ಟು ಮೆಟ್ಟಿಲು, ಇಷ್ಟು ನಡಿಗೆ ಎಂದು ಬರೆದುಕೊಡಲಿ, ತಿಂಗಳಿಗೊಮ್ಮೆ ಮತ್ತೆ ಎಣಿಸಲಿ. ಹೆಂಗಸರಿಗೆ ಪ್ರತ್ಯೇಕ ಹೊತ್ತು, ದೀಪವಿರುವ ಅಂಗಳ ಸಿಗಲಿ. ಈ ಕೆಲಸಕ್ಕಾಗಿ ಆಶಾ ಕಾರ್ಯಕರ್ತೆಗೆ ಬೇರೆಯಾಗಿಯೇ ಹಣ ಕೊಡಲಿ, ಈಗಿರುವ ಹೊರೆಯ ಮೇಲೆ ಹೇರುವುದು ಬೇಡ. ಕಾರ್ಮಿಕ ಇಲಾಖೆ ಹಮಾಲರ ಮೂಟೆಯ ತೂಕಕ್ಕೂ ನಡುವಿನ ಬಿಡುವಿಗೂ ಮಿತಿ ಹಾಕಲಿ, ಅದು ಪಾಲನೆಯಾಗುತ್ತಿದೆಯೇ ಎಂದು ಮಾರುಕಟ್ಟೆಗೆ ಹೋಗಿ ನೋಡಲಿ. ಓದುಗರು ತಮ್ಮ ತಾಲ್ಲೂಕು ಆಸ್ಪತ್ರೆಗೆ ಮುಂದಿನ ಸಲ ಹೋದಾಗ ಅಲ್ಲಿ ಫಿಸಿಯೊಥೆರಪಿಸ್ಟ್ ಹುದ್ದೆಯಿದೆಯೇ, ಇದ್ದರೆ ಅದು ಭರ್ತಿಯಾಗಿದೆಯೇ ಎಂದು ಕೇಳಿ ನೋಡಬೇಕು. ಇಲ್ಲವೆಂದು ಉತ್ತರ ಬಂದರೆ ಅದನ್ನೇ ಬರೆದು ಶಾಸಕರ ಕೈಗೆ ಕೊಡಬೇಕು.